ಈ ಕಾರ್ಡ್ ಈಗ ಆಡಬಹುದಾ? ಪೋಕೆಮಾನ್ ಕಾರ್ಡ್ ಆಟದ ಷರತ್ತುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿಯ ಟಿಳಕವಾಡಿ ಇರಲಿ, ಶಹಾಪುರ ಇರಲಿ, ವಡಗಾವಿ ಇರಲಿ, ಹುಡುಗರು ಪೋಕೆಮಾನ್ ಕಾರ್ಡ್ ಹರವಿಕೊಂಡು ಕೂತರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಕಾಕಾ, ಇದು ಈಗ ನಡೀತದೇನ್ರಿ?" ಅಷ್ಟರಲ್ಲಿ ಎದುರು ಕೂತವನು "ನಡ್ಯಂಗಿಲ್ಲ" ಅಂದಿರುತ್ತಾನೆ. ಕಾರ್ಡ್ ಮೇಲೆ ಬರೆದಿರುವುದು ಇಂಗ್ಲಿಷಿನಲ್ಲಿ, ಅದೂ ಸಣ್ಣ ಅಕ್ಷರದಲ್ಲಿ. ಆಡುವವರಲ್ಲಿ ಕೆಲವರು ಕನ್ನಡ ಶಾಲೆಯವರು, ಕೆಲವರು ಮರಾಠಿ ಶಾಲೆಯವರು. ಹೀಗಾಗಿ ಯಾರ ದನಿ ಜೋರೋ ಅವರ ಮಾತೇ ನಿಯಮ ಆಗಿಬಿಡುತ್ತದೆ. ಇದು ಆಟಕ್ಕೂ ಒಳ್ಳೆಯದಲ್ಲ, ಸಣ್ಣ ಹುಡುಗರಿಗೂ ನ್ಯಾಯವಲ್ಲ.

ಇಬ್ಬರು ಎದುರುಬದುರು ಕೂತು, ಪೋಕೆಮಾನ್ ಅನ್ನುವ ಕಾಲ್ಪನಿಕ ಪ್ರಾಣಿಗಳ ಕಾರ್ಡುಗಳಿಂದ ಆಡುವ ಈ ಆಟ 1996ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಶುರುವಾಯಿತು. ಇಂಗ್ಲಿಷ್ ಕಾರ್ಡುಗಳು 1999ರ ಜನವರಿಯಲ್ಲಿ ಬಂದವು. ಅಲ್ಲಿಂದ ಇಲ್ಲಿವರೆಗೆ ಸಾವಿರಾರು ಕಾರ್ಡು ಬಂದಿವೆ, ಎಷ್ಟೋ ಕಾರ್ಡುಗಳಿಗೆ ತಮ್ಮದೇ ಷರತ್ತು ಇದೆ. ಎಲ್ಲವನ್ನೂ ಬಾಯಿಪಾಠ ಮಾಡಲು ಯಾರಿಂದಲೂ ಆಗದು, ಮಾಡಬೇಕಾದ್ದೂ ಇಲ್ಲ. ಕಾರ್ಡ್ ಕೈಯಿಂದ ಮೇಜಿಗೆ ಬರುವ ಮೊದಲು ಕೆಲವು ಪ್ರಶ್ನೆಗಳನ್ನು ಒಂದು ಕ್ರಮದಲ್ಲಿ ಕೇಳಿಕೊಂಡರೆ ಸಾಕು. ಕ್ರಮ ಮುಖ್ಯ ಅಂತ ಯಾಕೆ ಹೇಳುತ್ತೇನೆ ಅಂದರೆ, ಬಹಳಷ್ಟು ಜಗಳ ಹುಟ್ಟುವುದು ಷರತ್ತು ನೋಡುವ ಮೊದಲೇ ಕಾರ್ಡ್ ಹಾಕಿ, ಡೆಕ್ (ಆಟಗಾರನ ಕಾರ್ಡ್ ಕಟ್ಟು) ಹುಡುಕಿ, ಡೈಸ್ ಉರುಳಿಸಿ ಆದಮೇಲೆ.

ಆಟಕ್ಕೆ ಬೇಕಾದದ್ದು ಎರಡು ಡೆಕ್, ಮತ್ತೆ ಡೈಸ್. ಇಲ್ಲಿ ಡೈಸ್‌ಗೆ ಎರಡು ಕೆಲಸ. ಸಣ್ಣ ಡೈಸ್‌ಗಳನ್ನು ಪೋಕೆಮಾನ್ ಮೇಲಿಟ್ಟು ಡ್ಯಾಮೇಜ್, ಅಂದರೆ ಅದಕ್ಕೆ ಬಿದ್ದ ಪೆಟ್ಟಿನ ಲೆಕ್ಕ ಇಡುತ್ತೇವೆ, ಒಂದು ಚುಕ್ಕೆಗೆ 10. ಇನ್ನೊಂದು ಡೈಸ್ ನಾಣ್ಯದ ಬದಲಿಗೆ: ಸಮ ಸಂಖ್ಯೆ ಬಂದರೆ ಹೆಡ್ಸ್, ಬೆಸ ಬಂದರೆ ಟೇಲ್ಸ್. ಕಾರ್ಡ್, ಡೈಸ್ ಸೇರಿಸಿ ಮಾರುವ ಎಲೀಟ್ ಟ್ರೈನರ್ ಬಾಕ್ಸ್‌ನಲ್ಲಿ ಎರಡೂ ಬಗೆಯವು ಸಿಗುತ್ತವೆ. ನಾಣ್ಯದ ಡೈಸ್ ಬೇರೆ ಬಣ್ಣದ್ದಿರಲಿ. ಡ್ಯಾಮೇಜ್‌ಗೆ ಇಟ್ಟ ಡೈಸನ್ನೇ ಎತ್ತಿ ಉರುಳಿಸಿದರೆ ಆಮೇಲೆ "ನಿಂದು 40 ಇತ್ತೋ 60 ಇತ್ತೋ" ಅಂತ ಇನ್ನೊಂದು ವಾದ ಶುರು.

ಅಂಗಡಿಯಲ್ಲಿ, ಜಾತ್ರೆಯಲ್ಲಿ ಸಿಗುವ ಬಂಗಾರದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳ ಬಗ್ಗೆ ಒಂದು ಮಾತು. ಅವು ಅಸಲಿ ಅಲ್ಲ, ಮತ್ತು ಎಷ್ಟೋ ಕಾರ್ಡುಗಳಲ್ಲಿ ಬರಹವೇ ಕೆಟ್ಟಿರುತ್ತದೆ. ಷರತ್ತು ಓದಲಿಕ್ಕೇ ಬರದ ಕಾರ್ಡ್ ಇಟ್ಟುಕೊಂಡು ನಿಯಮ ಚರ್ಚೆ ಮಾಡುವುದು ಸುಮ್ನೆ ವೇಳೆ ಹಾಳು. ಇಟ್ಟುಕೊಳ್ಳಲಿ, ನೋಡಿ ಖುಷಿಪಡಲಿ, ಆಡುವಾಗ ಬೇಡ.

ಆಟಕ್ಕೆ ಮೊದಲು: ಡೆಕ್ ಸರಿ ಇದೆಯಾ?

ಡೆಕ್‌ನಲ್ಲಿ ಸರಿಯಾಗಿ 60 ಕಾರ್ಡ್ ಇರಬೇಕು. 59 ಆಗದು, 61 ಆಗದು. ಒಂದೇ ಹೆಸರಿನ ಕಾರ್ಡ್ 4ಕ್ಕಿಂತ ಜಾಸ್ತಿ ಇರಬಾರದು. ಬೇಸಿಕ್ ಎನರ್ಜಿಗೆ (ಅಟ್ಯಾಕ್ ಮಾಡಲು ಪೋಕೆಮಾನ್‌ಗೆ ಹಚ್ಚುವ ಸಾದಾ ಶಕ್ತಿ ಕಾರ್ಡ್) ಮಾತ್ರ ಈ ಮಿತಿ ಇಲ್ಲ. ಇಲ್ಲಿ ಪೂರ್ತಿ ಹೆಸರನ್ನೇ ನೋಡಬೇಕು. ಪಿಕಾಚು ಬೇರೆ, ಪಿಕಾಚು ಇಎಕ್ಸ್ ಬೇರೆ, ಹಾಗಾಗಿ ಎರಡನ್ನೂ ನಾಲ್ಕು ನಾಲ್ಕು ಇಡಬಹುದು. ಆದರೆ ಚಿತ್ರ ಬೇರೆ, ಅಟ್ಯಾಕ್ ಬೇರೆ ಇರುವ ಎರಡು ಬಗೆಯ ಪಿಕಾಚು ಇದ್ದರೆ ಅವನ್ನು ಒಟ್ಟಿಗೇ ಎಣಿಸಬೇಕು, ಎರಡೂ ಸೇರಿ 4. ಏಸ್ ಸ್ಪೆಕ್ ಅಂತ ಬರೆದ ಕಾರ್ಡ್ ಇದ್ದರೆ ಇಡೀ ಡೆಕ್‌ಗೆ ಒಂದೇ, ಹೆಸರು ಬೇರೆ ಬೇರೆ ಇದ್ದರೂ ಒಂದೇ.

ಕನಿಷ್ಠ ಒಂದು ಬೇಸಿಕ್ ಪೋಕೆಮಾನ್ (ಕೈಯಿಂದ ನೇರ ಮೇಜಿಗೆ ಇಳಿಸಬಹುದಾದ ಮೊದಲ ರೂಪ) ಬೇಕೇ ಬೇಕು. ಮೊದಲ 7 ಕಾರ್ಡಿನಲ್ಲಿ ಬೇಸಿಕ್ ಬರದಿದ್ದರೆ ಕೈ ತೋರಿಸಿ, ಕಲಸಿ, ಮತ್ತೆ 7 ಎಳೆಯಬೇಕು. ಹಾಗೆ ಮಾಡಿದ ಪ್ರತಿ ಸಲಕ್ಕೂ ಎದುರಿನವರು ಒಂದು ಕಾರ್ಡ್ ಹೆಚ್ಚಿಗೆ ಎಳೆಯಬಹುದು.

ಅಧಿಕೃತ ಪಂದ್ಯಕ್ಕೆ ಹೋಗುವವರು ಕಾರ್ಡಿನ ಕೆಳಗೆ ಎಡಮೂಲೆಯ ಸಣ್ಣ ಅಕ್ಷರವನ್ನೂ ನೋಡಿಕೊಳ್ಳಬೇಕು. ಸ್ಟ್ಯಾಂಡರ್ಡ್ ಬಗೆಯ ಪಂದ್ಯದಲ್ಲಿ ಹಳೆಯ ಅಕ್ಷರದ ಕಾರ್ಡುಗಳು ಕಾಲಕಾಲಕ್ಕೆ ಹೊರಗೆ ಹೋಗುತ್ತವೆ. ಈ ಬರಹದ ಉದಾಹರಣೆಗಳಲ್ಲೂ ಹಾಗೆ ಹೊರಗೆ ಹೋದ ಕಾರ್ಡುಗಳಿವೆ. ಮನೆಯಲ್ಲಿ ಆಡಲು ಅಡ್ಡಿಯಿಲ್ಲ.

ಹಂತ 1: ಇದು ಯಾರ ಪಾಳಿ, ಎಷ್ಟನೇ ಪಾಳಿ?

ಕೈಯಿಂದ ಕಾರ್ಡ್ ಆಡುವುದು ನಿಮ್ಮ ಪಾಳಿಯಲ್ಲಿ ಮಾತ್ರ. ಎದುರಿನವರ ಪಾಳಿಯ ನಡುವೆ ಕಾರ್ಡ್ ಹಾಕಿ ತಡೆಯುವ ಪದ್ಧತಿ ಈ ಆಟದಲ್ಲಿ ಇಲ್ಲ. ಬೇರೆ ಕಾರ್ಡ್ ಆಟ ಆಡಿ ಬಂದವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಮೊದಲ ಪಾಳಿಗೆ ಬೇರೆಯದೇ ಕಟ್ಟುಪಾಡು. ಯಾರು ಮೊದಲು ಆಡುತ್ತಾರೋ ಅವರು ಆ ಪಾಳಿಯಲ್ಲಿ ಅಟ್ಯಾಕ್ ಮಾಡುವಂತಿಲ್ಲ, ಸಪೋರ್ಟರ್ ಕಾರ್ಡ್ ಆಡುವಂತಿಲ್ಲ. (ಸಪೋರ್ಟರ್, ಐಟಂ, ಸ್ಟೇಡಿಯಂ, ಟೂಲ್ ಇವೆಲ್ಲ ಆಟಗಾರನಿಗೆ ನೆರವಾಗುವ ಟ್ರೈನರ್ ಕಾರ್ಡಿನ ಬಗೆಗಳು.) ಕಾರ್ಡ್ ಎಳೆಯಬಹುದು, ಬೇಸಿಕ್ ಇಳಿಸಬಹುದು, ಎನರ್ಜಿ ಹಚ್ಚಬಹುದು, ಐಟಂ ಆಡಬಹುದು, ಸ್ಟೇಡಿಯಂ ಹಾಕಬಹುದು. ಎರಡನೆಯವರಿಗೆ ಅಟ್ಯಾಕ್, ಸಪೋರ್ಟರ್ ಎರಡೂ ಉಂಟು. ಆದರೆ ಇವಾಲ್ವ್ ಮಾಡುವುದಕ್ಕೆ, ಅಂದರೆ ಪೋಕೆಮಾನ್ ಮೇಲೆ ಅದರ ಮುಂದಿನ ರೂಪದ ಕಾರ್ಡ್ ಕೂರಿಸುವುದಕ್ಕೆ, ಇಬ್ಬರಿಗೂ ತಮ್ಮ ತಮ್ಮ ಮೊದಲ ಪಾಳಿಯಲ್ಲಿ ತಡೆ ಇದೆ. "ನಾನು ಎರಡನೆಯವನು, ನನಗೆ ನಡೀತದ" ಅಂತ ಇವಾಲ್ವ್ ಮಾಡಿಬಿಡುವವರು ಬಹಳ. ನಡೆಯುವುದಿಲ್ಲ.

ಈಗ ಕಾರ್ಮೈನ್ ಅನ್ನುವ ಸಪೋರ್ಟರ್ ನೋಡಿ. ಕೈಯಲ್ಲಿದ್ದದ್ದನ್ನೆಲ್ಲ ಡಿಸ್ಕಾರ್ಡ್ ಮಾಡಿ (ಬಿಸಾಡಿ) 5 ಕಾರ್ಡ್ ಎಳೆಯಿರಿ ಅನ್ನುತ್ತದೆ. ಜೊತೆಗೆ, ಮೊದಲು ಆಡುವವರು ತಮ್ಮ ಮೊದಲ ಪಾಳಿಯಲ್ಲೂ ಇದನ್ನು ಬಳಸಬಹುದು ಅಂತ ಅದರ ಮೇಲೇ ಬರೆದಿದೆ. ಹಾಗಾದರೆ ನಿಯಮ ಪುಸ್ತಕದ ಮಾತೋ ಕಾರ್ಡಿನ ಮಾತೋ? ಕಾರ್ಡಿನ ಮಾತೇ ಗೆಲ್ಲುತ್ತದೆ. ಎರಡು ಕಾರ್ಡುಗಳ ನಡುವೆ ತಕರಾರು ಬಂದು, ಒಂದು "ಮಾಡಬಹುದು" ಅಂದು ಇನ್ನೊಂದು "ಮಾಡುವಂತಿಲ್ಲ" ಅಂದರೆ, "ಮಾಡುವಂತಿಲ್ಲ" ಅನ್ನುವುದೇ ಮೇಲು. ಈ ಎರಡು ಮಾತು ಮುಂದಿನ ಎಲ್ಲ ಹಂತಕ್ಕೂ ಬೇಕಾಗುತ್ತವೆ.

ಹಂತ 2: ಈ ಪಾಳಿಯ ಪಾಲು ಮುಗಿದಿದೆಯಾ?

ಐಟಂ ಎಷ್ಟಾದರೂ ಆಡಬಹುದು. ಬೇಸಿಕ್ ಪೋಕೆಮಾನ್ ಎಷ್ಟಾದರೂ ಇಳಿಸಬಹುದು, ಮುಂದೆ ಕಾದಾಡುವ ಪೋಕೆಮಾನ್ ಹಿಂದೆ ಉಳಿದವು ಕಾಯುವ ಸಾಲಾದ ಬೆಂಚ್‌ನಲ್ಲಿ ಜಾಗ ಇದ್ದರೆ. ಸಪೋರ್ಟರ್ ಪಾಳಿಗೆ ಒಂದು. ಸ್ಟೇಡಿಯಂ ಪಾಳಿಗೆ ಒಂದು. ಕೈಯಿಂದ ಎನರ್ಜಿ ಹಚ್ಚುವುದು ಪಾಳಿಗೆ ಒಂದು. ರಿಟ್ರೀಟ್ (ಎನರ್ಜಿ ಕೊಟ್ಟು ಮುಂದಿನ ಪೋಕೆಮಾನನ್ನು ಬೆಂಚ್‌ಗೆ ಹಿಂತೆಗೆಯುವುದು) ಪಾಳಿಗೆ ಒಂದು. ಟೂಲ್ (ಪೋಕೆಮಾನ್‌ಗೆ ಹಚ್ಚುವ ಸಲಕರಣೆ ಕಾರ್ಡ್) ಎಷ್ಟಾದರೂ ಆಡಬಹುದು, ಆದರೆ ಒಂದು ಪೋಕೆಮಾನ್‌ಗೆ ಒಂದೇ ಟೂಲ್.

ಎನರ್ಜಿ ಪಾಲಿನ ವಿಷಯದಲ್ಲಿ ಒಂದು ಗೊಂದಲ ಸದಾ ಇರುತ್ತದೆ. ಪಾಳಿಗೆ ಒಂದು ಅನ್ನುವುದು ನೀವು ಸುಮ್ನೆ ಕೈಯಿಂದ ಹಚ್ಚುವ ಎನರ್ಜಿಗೆ. ಯಾವುದಾದರೂ ಅಬಿಲಿಟಿಯೋ (ಪೋಕೆಮಾನ್ ಕಾರ್ಡಿನ ಮೇಲೆ ಬರೆದ, ಅಟ್ಯಾಕ್ ಅಲ್ಲದ ವಿಶೇಷ ಶಕ್ತಿ) ಅಟ್ಯಾಕೋ "ಎನರ್ಜಿ ಹಚ್ಚಿ" ಅಂದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ರಿಟ್ರೀಟ್‌ಗೂ ಹಾಗೆಯೇ. ಸ್ವಿಚ್ ಅನ್ನುವ ಐಟಂ ಆಡಿ ಪೋಕೆಮಾನ್ ಬದಲಾಯಿಸಿದರೆ ಅದು ರಿಟ್ರೀಟ್ ಅಲ್ಲ. ಒಂದೇ ಪಾಳಿಯಲ್ಲಿ ಎನರ್ಜಿ ಕೊಟ್ಟು ಒಮ್ಮೆ ರಿಟ್ರೀಟ್ ಮಾಡಿ, ಆಮೇಲೆ ಸ್ವಿಚ್ ಕೂಡ ಆಡಬಹುದು. ನಿದ್ದೆಯಲ್ಲಿರುವ, ಪ್ಯಾರಲೈಸ್ ಆದ ಪೋಕೆಮಾನ್ ರಿಟ್ರೀಟ್ ಮಾಡಲಾರದು, ಆದರೆ ಸ್ವಿಚ್‌ನಿಂದ ಅದನ್ನು ಒಳಗೆ ಕರೆದುಕೊಳ್ಳಬಹುದು.

ಬೆಂಚ್‌ನಲ್ಲಿ 5 ಜಾಗ. ಏರಿಯಾ ಜೀರೋ ಅಂಡರ್‌ಡೆಪ್ತ್ಸ್ ಸ್ಟೇಡಿಯಂ ಇದ್ದು, ನಿಮ್ಮ ಕಡೆ ಟೆರಾ ಅಂತ ಗುರುತಿರುವ ಪೋಕೆಮಾನ್ ಒಂದಾದರೂ ಇದ್ದರೆ 8. ಸ್ಟೇಡಿಯಂ ಹೋದ ತಕ್ಷಣ ಮತ್ತೆ 5ಕ್ಕೆ ಇಳಿಸಬೇಕು. ಮೇಜಿನ ಮೇಲೆ ಈಗ ಇರುವ ಸ್ಟೇಡಿಯಂನ ಹೆಸರಿನದೇ ಇನ್ನೊಂದು ಸ್ಟೇಡಿಯಂ ಹಾಕುವಂತಿಲ್ಲ, ಅದನ್ನು ಎದುರಿನವರು ಹಾಕಿದ್ದರೂ ಅಷ್ಟೇ.

ಹಂತ 3: ಕಾರ್ಡಿನ ಮೊದಲ ವಾಕ್ಯ ಏನು ಕೇಳುತ್ತದೆ?

"ಯು ಕ್ಯಾನ್ ಯೂಸ್ ದಿಸ್ ಕಾರ್ಡ್ ಓನ್ಲಿ ಇಫ್" ಅಂತ ಶುರುವಾಗುವ ವಾಕ್ಯ ಕಂಡರೆ ಅಲ್ಲೇ ನಿಲ್ಲಿ. ಕೆಲವು ಕಾರ್ಡಿನಲ್ಲಿ ಯೂಸ್ ಬದಲು ಪ್ಲೇ ಅಂತ ಇರುತ್ತದೆ, ಅರ್ಥ ಒಂದೇ. ಅಲ್ಲಿ ಹೇಳಿದ್ದು ಪೂರ್ತಿ ಆಗದಿದ್ದರೆ ಕಾರ್ಡ್ ಕೈಯಲ್ಲೇ ಇರಬೇಕು. ಇಂಥ ವಾಕ್ಯಗಳಲ್ಲಿ ಎರಡು ಬಗೆ.

ಒಂದು, ಕೊಡಬೇಕಾದ ಬೆಲೆ. ಅಲ್ಟ್ರಾ ಬಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಕೈಯಿಂದ ಬೇರೆ 2 ಕಾರ್ಡ್ ಡಿಸ್ಕಾರ್ಡ್ ಮಾಡಿದರೆ ಮಾತ್ರ ಡೆಕ್‌ನಿಂದ ಒಂದು ಪೋಕೆಮಾನ್ ಹುಡುಕಿ ಕೈಗೆ ತೆಗೆದುಕೊಳ್ಳಬಹುದು. ಬೇರೆ 2 ಅಂದರೆ ಅಲ್ಟ್ರಾ ಬಾಲ್ ಬಿಟ್ಟು 2. ಹಾಗಾಗಿ ಕೈಯಲ್ಲಿ ಒಟ್ಟು 3 ಕಾರ್ಡಾದರೂ ಇರಬೇಕು. "ನನ್ನ ಹತ್ತಿರ ಒಂದೇ ಇದೆ, ಒಂದೇ ಕೊಡ್ತೇನೆ" ಅನ್ನುವ ಚೌಕಾಶಿ ಇಲ್ಲ. ಬೆಲೆ ಮೊದಲು, ಹುಡುಕುವುದು ಆಮೇಲೆ. ಡೆಕ್ ನೋಡಿ ಬಂದು ಯಾವ 2 ಬಿಸಾಡಬೇಕು ಅಂತ ಯೋಚಿಸುವ ಚಟ ಕೆಲವರಿಗಿದೆ. ಅದನ್ನು ನಯವಾಗಿಯೇ, ಆದರೆ ಪ್ರತಿ ಸಲವೂ ತಡೆಯಿರಿ. ಡೆಕ್‌ನಲ್ಲಿ ಏನಿದೆ ಅಂತ ತಿಳಿದ ಮೇಲೆ ಆರಿಸಿದರೆ ಅದು ಬೇರೆಯೇ ಆಟ ಆಗುತ್ತದೆ.

ಎರಡು, ಆಟದ ಸ್ಥಿತಿ. ಕೌಂಟರ್ ಕ್ಯಾಚರ್ ಆಡಬೇಕಾದರೆ ನಿಮ್ಮ ಉಳಿದ ಪ್ರೈಜ್ ಕಾರ್ಡುಗಳು (ಎದುರಿನವರ ಪೋಕೆಮಾನ್ ಸೋಲಿಸಿದಾಗ ತೆಗೆದುಕೊಳ್ಳಲು ಮುಚ್ಚಿಟ್ಟ ಕಾರ್ಡುಗಳು) ಎದುರಿನವರ ಪ್ರೈಜ್ ಕಾರ್ಡುಗಳಿಗಿಂತ ಜಾಸ್ತಿ ಇರಬೇಕು. ಇಬ್ಬರದೂ 4 ಇದ್ದರೆ ಆಗದು. ಸೋಲುತ್ತಿರುವವರಿಗೆ ಕೈ ಹಿಡಿಯಲೆಂದೇ ಮಾಡಿದ ಕಾರ್ಡ್ ಅದು. ರೊಕ್ಸಾನ್ ಅನ್ನುವ ಸಪೋರ್ಟರ್‌ಗೆ ಎದುರಿನವರ ಪ್ರೈಜ್ 3 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಬ್ರಯರ್‌ಗೆ ಎದುರಿನವರ ಪ್ರೈಜ್ ಸರಿಯಾಗಿ 2 ಇರಬೇಕು, 3 ಆಗದು, 1 ಕೂಡ ಆಗದು. ಇಂಥ ಕಾರ್ಡ್ ಆಡುವಾಗ ಪ್ರೈಜ್ ಸಾಲನ್ನು ಇಬ್ಬರೂ ಎಣಿಸಿ, ಎಣಿಕೆಯನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಆಡಿ.

ಈ ಷರತ್ತನ್ನು ನೋಡುವುದು ಕಾರ್ಡ್ ಆಡುವ ಗಳಿಗೆಯಲ್ಲಿ. ಆಡಿದ ಮೇಲೆ ಸ್ಥಿತಿ ಬದಲಾದರೂ ಆದ ಕೆಲಸ ಹಿಂದಕ್ಕೆ ಹೋಗುವುದಿಲ್ಲ.

ಹಂತ 4: ಕಾರ್ಡಿಗೆ ಮೇಜಿನ ಮೇಲೆ ಕೆಲಸ ಇದೆಯಾ?

ಇದೇ ಅತಿ ಹೆಚ್ಚು ವಾದಕ್ಕೆ ಗುರಿಯಾಗುವ ಹಂತ. ಒಂದು ಟ್ರೈನರ್ ಕಾರ್ಡ್ ಆಡಿದರೆ ಏನೂ ಆಗುವುದಿಲ್ಲ ಅಂತ ಇಬ್ಬರಿಗೂ ಕಣ್ಣಿಗೆ ಕಾಣುತ್ತಿದ್ದರೆ ಆ ಕಾರ್ಡ್ ಆಡುವಂತಿಲ್ಲ. ಕೈ ಖಾಲಿ ಮಾಡಿಕೊಳ್ಳಲೆಂದು ಕಾರ್ಡ್ ಬಿಸಾಡುವ ದಾರಿ ಇದರಿಂದ ಮುಚ್ಚುತ್ತದೆ.

ಕೆಲವು ಸನ್ನಿವೇಶ ನೋಡೋಣ. ನಿಮ್ಮ ಯಾವ ಪೋಕೆಮಾನ್ ಮೇಲೂ ಡ್ಯಾಮೇಜ್ ಡೈಸ್ ಇಲ್ಲ. ಆಗ ಡ್ಯಾಮೇಜ್ ಇಳಿಸುವ ಪೋಷನ್ ಆಡುವಂತಿಲ್ಲ. ನಿಮ್ಮ ಬೆಂಚ್ ಖಾಲಿ; ಸ್ವಿಚ್ ಆಡುವಂತಿಲ್ಲ. ಎದುರಿನವರ ಬೆಂಚ್ ಖಾಲಿ. ಅಲ್ಲಿಂದ ಒಂದನ್ನು ಮುಂದಕ್ಕೆ ಎಳೆಯುವ ಬಾಸಸ್ ಆರ್ಡರ್ಸ್ ಆಡುವಂತಿಲ್ಲ, ಪ್ರೈಮ್ ಕ್ಯಾಚರ್ ಕೂಡ ಆಡುವಂತಿಲ್ಲ. ಪ್ರೈಮ್ ಕ್ಯಾಚರ್ ವಿಷಯದಲ್ಲಿ "ನನ್ನ ಪೋಕೆಮಾನ್ ಬದಲಾಯಿಸಿಕೊಳ್ಳಲಿಕ್ಕಾದರೂ ಆಡ್ತೇನೆ" ಅಂತ ಕೇಳುತ್ತಾರೆ. ಅದರ ಎರಡನೇ ಭಾಗ ನಡೆಯುವುದು ಮೊದಲನೆಯದು ನಡೆದರೆ ಮಾತ್ರ. ಹಾಗಾಗಿ ಆಗದು.

ಪೋಕೆಮಾನ್ ಕ್ಯಾಚರ್‌ನಲ್ಲಿ ಡೈಸ್ ಬರುತ್ತದೆ. ಹೆಡ್ಸ್ ಬಂದರೆ ಎದುರಿನವರ ಬೆಂಚ್‌ನಿಂದ ಒಂದನ್ನು ಮುಂದಕ್ಕೆ ಎಳೆಯಬಹುದು. ಎದುರಿನ ಬೆಂಚ್ ಖಾಲಿ ಇದ್ದರೆ ಡೈಸ್ ಮುಟ್ಟುವ ಪ್ರಶ್ನೆಯೇ ಇಲ್ಲ. ಡೈಸ್ ಉರುಳಿಸುವ ಮೊದಲೇ ಗುರಿ ಇದೆಯೋ ಇಲ್ಲವೋ ನೋಡಬೇಕು. ಬೆಂಚ್‌ನಲ್ಲಿ ಪೋಕೆಮಾನ್ ಇದ್ದು, ಡೈಸ್‌ನಲ್ಲಿ ಟೇಲ್ಸ್ ಬಂದರೆ ಕಾರ್ಡ್ ಖರ್ಚಾಯಿತು, ಅಷ್ಟೇ. ಅದು ಸರಿಯಾಗಿ ಆಡಿದ ಕಾರ್ಡೇ, ಅದೃಷ್ಟ ಕೈಕೊಟ್ಟಿತು.

ಈಗ ಕಣ್ಣಿಗೆ ಕಾಣದ ಜಾಗದ ಮಾತು. ಡೆಕ್ ಮುಚ್ಚಿದ ಜಾಗ. ಅದರಲ್ಲಿ ಏನಿದೆ ಅಂತ ಎದುರಿನವರಿಗೆ ಗೊತ್ತಾಗುವಂತಿಲ್ಲ. ಹಾಗಾಗಿ ಡೆಕ್ ಹುಡುಕುವ ಕಾರ್ಡನ್ನು, ಡೆಕ್‌ನಲ್ಲಿ ಒಂದು ಕಾರ್ಡಾದರೂ ಇದ್ದರೆ, ಆಡಬಹುದು. ಡೆಕ್‌ನಲ್ಲಿ ಬೇಸಿಕ್ ಪೋಕೆಮಾನ್ ಎಲ್ಲ ಮುಗಿದಿವೆ ಅಂತ ನಿಮಗೆ ಪಕ್ಕಾ ಗೊತ್ತಿದ್ದರೂ ಬೇಸಿಕ್ ಹುಡುಕಿಕೊಡುವ ನೆಸ್ಟ್ ಬಾಲ್ ಆಡಿ, ಹುಡುಕಿ, "ಸಿಗಲಿಲ್ಲ" ಅಂತ ಹೇಳಿ ಡೆಕ್ ಕಲಸಬಹುದು. ಬೇಸಿಕ್ ಇದ್ದೂ ತೆಗೆದುಕೊಳ್ಳದೆ ಬಿಡಬಹುದು. ಇಂಥದ್ದೇ ಅಂತ ಗೊತ್ತುಮಾಡಿ ಹುಡುಕುವಾಗ ಈ ಸಡಿಲಿಕೆ ಇದೆ. ಆದರೆ ಪಿಜಿಯೊಟ್ ಇಎಕ್ಸ್‌ನ ಕ್ವಿಕ್ ಸರ್ಚ್ ಹಾಗೆ "ಯಾವುದಾದರೂ ಒಂದು ಕಾರ್ಡ್" ಅಂತ ಹುಡುಕುವಾಗ ಸಿಗಲಿಲ್ಲ ಅನ್ನಲಾಗದು. ಕಾರ್ಡ್ ಅಂತೂ ಇದ್ದೇ ಇರುತ್ತದೆ ಅಲ್ವಾ?

ನೆಸ್ಟ್ ಬಾಲ್‌ಗೆ ಬೆಂಚ್ ಜಾಗ ಬೇಕು, ಯಾಕಂದರೆ ಅದು ಪೋಕೆಮಾನನ್ನು ನೇರ ಬೆಂಚ್‌ಗೆ ಹಾಕುತ್ತದೆ. ಬೆಂಚ್ ತುಂಬಿದ್ದು ಇಬ್ಬರಿಗೂ ಕಾಣುತ್ತದೆ, ಹಾಗಾಗಿ ಆಡುವಂತಿಲ್ಲ. ಅಲ್ಟ್ರಾ ಬಾಲ್ ಕೈಗೆ ಕೊಡುತ್ತದೆ, ಬೆಂಚ್ ತುಂಬಿದ್ದರೂ ನಡೆಯುತ್ತದೆ.

ಡಿಸ್ಕಾರ್ಡ್ ಪೈಲ್, ಅಂದರೆ ಬಿಸಾಡಿದ ಕಾರ್ಡುಗಳ ರಾಶಿ, ತೆರೆದ ಜಾಗ. ಯಾರು ಬೇಕಾದರೂ ನೋಡಬಹುದು. ಅಲ್ಲಿಂದ ಎನರ್ಜಿಯನ್ನು ಕೈಗೆ ತರುವ ಎನರ್ಜಿ ರಿಟ್ರೀವಲ್ ಆಡಬೇಕಾದರೆ ಅಲ್ಲಿ ಒಂದಾದರೂ ಬೇಸಿಕ್ ಎನರ್ಜಿ ಇರಬೇಕು. ಎರಡೇ ಬೇಕು ಅಂತಿಲ್ಲ. "ಎರಡರವರೆಗೆ" ಅಂತ ಬರೆದಿರುವುದರಿಂದ ಒಂದಿದ್ದರೂ ಸಾಕು. ಸೂಪರ್ ರಾಡ್‌ಗೂ ಹೀಗೆ: ಪೋಕೆಮಾನ್, ಬೇಸಿಕ್ ಎನರ್ಜಿ ಎರಡೂ ಸೇರಿ 3ರವರೆಗೆ ಡೆಕ್‌ಗೆ ಮರಳಿಸಬಹುದು, ಒಂದಾದರೂ ಇರಬೇಕು.

ಅರ್ಧ ಮಾತ್ರ ಆಗುವ ಕೆಲಸ? ಆದಷ್ಟು ಮಾಡಿ. ಪ್ರೊಫೆಸರ್ಸ್ ರಿಸರ್ಚ್ 7 ಎಳೆಯಿರಿ ಅನ್ನುತ್ತದೆ, ಡೆಕ್‌ನಲ್ಲಿ 3 ಮಾತ್ರ ಇವೆ. ಆ 3 ಎಳೆಯಿರಿ. ಅದರಿಂದ ಸೋಲುವುದಿಲ್ಲ. ನಿಮ್ಮ ಮುಂದಿನ ಪಾಳಿಯ ಶುರುವಿನಲ್ಲಿ ಎಳೆಯಲು ಕಾರ್ಡ್ ಇಲ್ಲದಿದ್ದರೆ ಮಾತ್ರ ಸೋಲು.

ಹಂತ 5: ಇವಾಲ್ವ್ ಆಗಬಹುದಾ?

ಮೂರು ತಡೆಗಳು. ನಿಮ್ಮ ಮೊದಲ ಪಾಳಿಯಲ್ಲಿ ಇಲ್ಲ. ಈ ಪಾಳಿಯಲ್ಲೇ ಇಳಿದ ಪೋಕೆಮಾನ್ ಮೇಲೆ ಇಲ್ಲ, ಅದು ಕೈಯಿಂದ ಇಳಿದರೂ ನೆಸ್ಟ್ ಬಾಲ್‌ನಿಂದ ಇಳಿದರೂ ಒಂದೇ. ಈ ಪಾಳಿಯಲ್ಲಿ ಈಗಾಗಲೇ ಒಮ್ಮೆ ಇವಾಲ್ವ್ ಆದದ್ದರ ಮೇಲೆ ಇಲ್ಲ. ಬೆಂಚ್‌ನಿಂದ ಮುಂದಕ್ಕೆ, ಮುಂದಿನಿಂದ ಬೆಂಚ್‌ಗೆ ಓಡಾಡಿದ್ದು ಲೆಕ್ಕಕ್ಕಿಲ್ಲ.

ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಕಾರ್ಡಿನ ಮೇಲ್ಭಾಗದಲ್ಲಿ ಯಾವುದರಿಂದ ಇವಾಲ್ವ್ ಆಗುತ್ತದೆ ಅಂತ ಬರೆದಿರುತ್ತದೆ. ಈಥನ್ಸ್ ಸಿಂಡಾಕ್ವಿಲ್ ಮೇಲೆ ಈಥನ್ಸ್ ಕ್ವಿಲಾವಾ ಮಾತ್ರ ಕೂರುತ್ತದೆ, ಸಾದಾ ಕ್ವಿಲಾವಾ ಕೂರುವುದಿಲ್ಲ. ಕಾರ್ಟೂನ್ ನೋಡಿ ಬೆಳೆದ ಮಕ್ಕಳಿಗೆ ಇದು ಅನ್ಯಾಯ ಅನ್ನಿಸುತ್ತದೆ. "ಎರಡೂ ಅದೇ ಅಲ್ಲೇನ್ರಿ ಕಾಕಾ?" ಅಂತ ಕೇಳುತ್ತಾರೆ. ಪ್ರಾಣಿ ಒಂದೇ, ಕಾರ್ಡ್ ಹೆಸರು ಬೇರೆ.

ರೇರ್ ಕ್ಯಾಂಡಿ ಬಗ್ಗೆ ಬರುವಷ್ಟು ಪ್ರಶ್ನೆ ಬೇರೆ ಯಾವುದರ ಬಗ್ಗೆಯೂ ನನಗೆ ಬಂದಿಲ್ಲ. ಅದು ಬೇಸಿಕ್ ಮೇಲೆ ನೇರ ಸ್ಟೇಜ್ 2 (ಎರಡನೇ ಸಲ ಇವಾಲ್ವ್ ಆದ ರೂಪ) ಕೂರಿಸುತ್ತದೆ. ಚಾರ್ಮ್ಯಾಂಡರ್ ಮೇಲೆ, ಚಾರ್ಮಿಲಿಯನ್ ದಾಟಿ, ಚಾರಿಝಾರ್ಡ್ ಇಎಕ್ಸ್. ಸ್ಟೇಜ್ 2 ಕಾರ್ಡ್ ನಿಮ್ಮ ಕೈಯಲ್ಲೇ ಇರಬೇಕು. ಇದು ದಾಟಿಸುವುದು ನಡುವಿನ ಸ್ಟೇಜ್ 1 ಕಾರ್ಡನ್ನು, ಕಾಯುವ ನಿಯಮವನ್ನಲ್ಲ. ಮೊದಲ ಪಾಳಿಯಲ್ಲಿ ಬಳಸುವಂತಿಲ್ಲ, ಈ ಪಾಳಿಯಲ್ಲಿ ಇಳಿದ ಬೇಸಿಕ್ ಮೇಲೂ ಬಳಸುವಂತಿಲ್ಲ ಅಂತ ಆ ಕಾರ್ಡಿನ ಮೇಲೇ ಬರೆದಿದೆ.

ಇದಕ್ಕೆ ವಿರುದ್ಧದ ಕಾರ್ಡ್ ಕೂಡ ಇದೆ. ಟೆಕ್ನಿಕಲ್ ಮಷೀನ್: ಇವಲ್ಯೂಷನ್ ಒಂದು ಟೂಲ್, ಹಚ್ಚಿಕೊಂಡ ಪೋಕೆಮಾನ್‌ಗೆ ಒಂದು ಅಟ್ಯಾಕ್ ಕೊಡುತ್ತದೆ. ಆ ಅಟ್ಯಾಕ್ ನಿಮ್ಮ ಬೆಂಚ್‌ನ 2 ಪೋಕೆಮಾನ್‌ವರೆಗೆ ಡೆಕ್‌ನಿಂದಲೇ ಇವಾಲ್ವ್ ಮಾಡಿಸುತ್ತದೆ. ಎರಡನೆಯವರಾಗಿ ಆಡುವವರು ತಮ್ಮ ಮೊದಲ ಪಾಳಿಯಲ್ಲೇ, ಆಗಷ್ಟೇ ಇಳಿಸಿದ ಪೋಕೆಮಾನ್ ಮೇಲೂ ಇದನ್ನು ಬಳಸಬಹುದು. ಕಾಯುವ ನಿಯಮ ಇರುವುದು ಕೈಯಿಂದ ಇವಾಲ್ವ್ ಮಾಡುವುದಕ್ಕೆ. ಅಟ್ಯಾಕ್ ತಾನೇ ಆ ಕೆಲಸ ಮಾಡಿದಾಗ, ಕಾರ್ಡಿನ ಮಾತು ಮೇಲು.

ಹಂತ 6: ಕಾರ್ಡ್ ಎಲ್ಲಿಂದ ಬಂತು?

ಲ್ಯುಮಿನಿಯಾನ್ ವಿ ಅನ್ನುವ ಪೋಕೆಮಾನ್‌ಗೆ ಒಂದು ಅಬಿಲಿಟಿ ಇದೆ. ಅದನ್ನು ನಿಮ್ಮ ಪಾಳಿಯಲ್ಲಿ ಕೈಯಿಂದ ಬೆಂಚ್‌ಗೆ ಇಳಿಸಿದಾಗ ಡೆಕ್‌ನಿಂದ ಒಂದು ಸಪೋರ್ಟರ್ ಹುಡುಕಬಹುದು. ನೆಸ್ಟ್ ಬಾಲ್‌ನಿಂದ ಇಳಿಸಿದರೆ? ಡೆಕ್‌ನಿಂದ ನೇರ ಬೆಂಚ್‌ಗೆ ಬಂತು, ಕೈಯಿಂದ ಬರಲಿಲ್ಲ. ಅಬಿಲಿಟಿ ಇಲ್ಲ. ಅಲ್ಟ್ರಾ ಬಾಲ್‌ನಿಂದ ಕೈಗೆ ತೆಗೆದುಕೊಂಡು ಆಮೇಲೆ ಇಳಿಸಿದರೆ ಉಂಟು. ಸ್ಕ್ವಾಕಬಿಲ್ಲಿ ಇಎಕ್ಸ್‌ಗೆ ಈ ತೊಡಕಿಲ್ಲ. ಅದರ ಅಬಿಲಿಟಿ ಕೇಳುವುದು ನಿಮ್ಮ ಮೊದಲ ಪಾಳಿ ಆಗಿರಬೇಕು ಅಂತ ಮಾತ್ರ, ನೆಸ್ಟ್ ಬಾಲ್‌ನಿಂದ ಬಂದರೂ ಆದೀತು.

ಚಾರಿಝಾರ್ಡ್ ಇಎಕ್ಸ್‌ಗೂ ಇದೇ ಪರೀಕ್ಷೆ. 2023ರ ಅಬ್ಸಿಡಿಯನ್ ಫ್ಲೇಮ್ಸ್ ಸೆಟ್‌ನ ಚಾರಿಝಾರ್ಡ್ ಇಎಕ್ಸ್ ಅನ್ನು ಕೈಯಿಂದ ಇವಾಲ್ವ್ ಮಾಡಿದಾಗ ಡೆಕ್‌ನಿಂದ 3 ಬೇಸಿಕ್ ಫೈರ್ ಎನರ್ಜಿವರೆಗೆ ಹುಡುಕಿ ಹಚ್ಚಬಹುದು. ರೇರ್ ಕ್ಯಾಂಡಿಯಲ್ಲಿ ಕಾರ್ಡ್ ಕೈಯಿಂದಲೇ ಬರುತ್ತದೆ, ಹಾಗಾಗಿ ಎನರ್ಜಿ ಸಿಗುತ್ತದೆ. ಬೇರೆ ಯಾವುದಾದರೂ ಕಾರ್ಡ್ ಅದನ್ನು ಡೆಕ್‌ನಿಂದ ನೇರ ತಂದು ಕೂರಿಸಿದರೆ ಸಿಗುವುದಿಲ್ಲ.

ಹಂತ 7: ಎದುರಿನವರು ಬೀಗ ಹಾಕಿದ್ದಾರಾ?

ಬುಡ್ಯೂ ಅನ್ನುವ ಪುಟ್ಟ ಪೋಕೆಮಾನ್, ಜೀವಶಕ್ತಿ ಬರೀ 30 ಎಚ್‌ಪಿ. ಎನರ್ಜಿಯೇ ಬೇಡದ ಅದರ ಅಟ್ಯಾಕ್ ಇಚಿ ಪೋಲನ್ 10 ಡ್ಯಾಮೇಜ್ ಕೊಡುತ್ತದೆ. ಜೊತೆಗೆ, ಮುಂದಿನ ಪಾಳಿಯಲ್ಲಿ ಎದುರಿನವರು ಕೈಯಿಂದ ಐಟಂ ಆಡದಂತೆ ತಡೆಯುತ್ತದೆ. ರೇರ್ ಕ್ಯಾಂಡಿ, ನೆಸ್ಟ್ ಬಾಲ್, ಅಲ್ಟ್ರಾ ಬಾಲ್, ಸ್ವಿಚ್ ಎಲ್ಲ ಬಂದ್. ಸಪೋರ್ಟರ್, ಸ್ಟೇಡಿಯಂ ನಡೆಯುತ್ತವೆ. ಟೂಲ್? ಇದು ಹಳೆಯ ಆಟಗಾರರನ್ನು ಗೊಂದಲಕ್ಕೆ ಬೀಳಿಸುತ್ತದೆ. ಹಿಂದೆ ಟೂಲ್ ಕೂಡ ಐಟಂ ಗುಂಪಿನಲ್ಲೇ ಇತ್ತು. 2023ರಲ್ಲಿ ಸ್ಕಾರ್ಲೆಟ್ ಅಂಡ್ ವಯಲೆಟ್ ಸೆಟ್ ಬಂದಾಗಿನಿಂದ ಟೂಲ್ ಬೇರೆಯೇ ಗುಂಪು. ಹಳೆಯ ಟೂಲ್ ಕಾರ್ಡಿನ ಮೇಲೆ ಐಟಂ ಅಂತ ಅಚ್ಚಾಗಿದ್ದರೂ ಅದನ್ನು ಈಗ ಟೂಲ್ ಅಂತಲೇ ನೋಡಬೇಕು. ಹಾಗಾಗಿ ಬುಡ್ಯೂ ಬೀಗ ಇದ್ದಾಗಲೂ ಟೂಲ್ ಹಚ್ಚಬಹುದು.

ಬೀಗ ಹಾಕಿದವರು ಅದನ್ನು ಪಾಳಿ ಮುಗಿಸುವಾಗ ಸ್ಪಷ್ಟವಾಗಿ ಹೇಳಿಬಿಡಲಿ. "ಮುಂದಿನ ಪಾಳಿ ನಿನಗೆ ಐಟಂ ಇಲ್ಲ" ಅಂದರೆ ಮುಗಿಯಿತು. ಎದುರಿನವರು ಮರೆಯಲಿ ಅಂತ ಕಾಯುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಹಂತ 8: ಅಬಿಲಿಟಿ ಮತ್ತು ಅಟ್ಯಾಕ್

ಅಬಿಲಿಟಿಯಲ್ಲಿ ಪಾಳಿಗೆ ಒಮ್ಮೆ ಅಂತ ಇದ್ದರೆ ಅದು ಆ ಒಂದು ಪೋಕೆಮಾನ್‌ಗೆ. ಅದೇ ಪೋಕೆಮಾನ್ ಎರಡಿದ್ದರೆ ಎರಡೂ ಒಂದೊಂದು ಸಲ ಬಳಸಬಹುದು. ಕೆಲವು ಕಾರ್ಡಿನಲ್ಲಿ ಇದಕ್ಕೂ ತಡೆ ಇರುತ್ತದೆ. ಫೆಝಾಂಡಿಪಿಟಿ ಇಎಕ್ಸ್‌ನ ಫ್ಲಿಪ್ ದ ಸ್ಕ್ರಿಪ್ಟ್ ನೋಡಿ. ಎದುರಿನವರ ಹಿಂದಿನ ಪಾಳಿಯಲ್ಲಿ ನಿಮ್ಮ ಪೋಕೆಮಾನ್ ನಾಕ್ ಔಟ್ (ಎಚ್‌ಪಿ ಮುಗಿದು ಆಟದಿಂದ ಹೊರಗೆ) ಆಗಿದ್ದರೆ ಮಾತ್ರ 3 ಕಾರ್ಡ್ ಎಳೆಯಬಹುದು. ಇಂಥ ಫೆಝಾಂಡಿಪಿಟಿ ಎಷ್ಟಿದ್ದರೂ ಪಾಳಿಗೆ ಒಂದೇ ಸಲ.

ಡೈಸ್ ಎಣಿಕೆಯೇ ಷರತ್ತಾಗುವ ಒಂದು ಚಂದದ ಉದಾಹರಣೆ ಗಾರ್ಡೆವೊಯರ್ ಇಎಕ್ಸ್. ಅದರ ಅಬಿಲಿಟಿಯನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಡಿಸ್ಕಾರ್ಡ್ ಪೈಲ್‌ನಿಂದ ಒಂದು ಬೇಸಿಕ್ ಸೈಕಿಕ್ ಎನರ್ಜಿಯನ್ನು ನಿಮ್ಮ ಸೈಕಿಕ್ ಪೋಕೆಮಾನ್‌ಗೆ ಹಚ್ಚಬೇಕು, ಹಚ್ಚಿದ ಪ್ರತಿ ಸಲ ಆ ಪೋಕೆಮಾನ್ ಮೇಲೆ 2 ಡ್ಯಾಮೇಜ್ ಕೌಂಟರ್ ಇಡಬೇಕು. ಅಂದರೆ ಡೈಸ್‌ನಲ್ಲಿ 2 ಚುಕ್ಕೆ, 20 ಡ್ಯಾಮೇಜ್. ಹಾಗೆ ಇಟ್ಟರೆ ನಾಕ್ ಔಟ್ ಆಗುವ ಪೋಕೆಮಾನ್ ಮೇಲೆ ಬಳಸುವಂತಿಲ್ಲ. 20 ಎಚ್‌ಪಿ ಮಾತ್ರ ಉಳಿದಿದ್ದರೆ ಆಗದು, 30 ಉಳಿದಿದ್ದರೆ ಒಂದು ಸಲ ಆಗುತ್ತದೆ. ಹಾಗಾಗಿ ಪ್ರತಿ ಎನರ್ಜಿಗೂ ಡೈಸ್ ತಿರುಗಿಸುತ್ತಾ ಹೋಗಿ. ಮೂರು ಎನರ್ಜಿ ಒಟ್ಟಿಗೇ ಹಚ್ಚಿ ಕೊನೆಗೆ ಲೆಕ್ಕ ಮಾಡಿದರೆ, ನಡುವೆ ಎಲ್ಲಿ ತಪ್ಪಿತು ಅಂತ ಯಾರಿಗೂ ತಿಳಿಯುವುದಿಲ್ಲ.

ಅಟ್ಯಾಕ್‌ಗೆ ಬೇಕಾದ ಎನರ್ಜಿ ಹಚ್ಚಿರಬೇಕು, ಖರ್ಚು ಮಾಡಬೇಕಾಗಿಲ್ಲ. ಬಿಸಾಡಿ ಅಂತ ಅಟ್ಯಾಕೇ ಹೇಳಿದರೆ ಮಾತ್ರ ಬಿಸಾಡಿ. ಪೋಕೆಮಾನ್‌ನ ಬಣ್ಣ ನೋಡಿ ಎನರ್ಜಿ ಊಹಿಸಬೇಡಿ. ಮೇಲೆ ಹೇಳಿದ ಚಾರಿಝಾರ್ಡ್ ಇಎಕ್ಸ್ ಡಾರ್ಕ್‌ನೆಸ್ ಬಗೆಯದು, ಅದರ ಅಟ್ಯಾಕ್ ಕೇಳುವುದು 2 ಫೈರ್ ಎನರ್ಜಿ. ಬಣ್ಣವಿಲ್ಲದ ನಕ್ಷತ್ರದ ಗುರುತು ಇದ್ದರೆ ಯಾವ ಎನರ್ಜಿಯಾದರೂ ಸರಿ.

ನಿದ್ದೆ, ಪ್ಯಾರಲೈಸ್ ಆದವು ಅಟ್ಯಾಕ್ ಮಾಡಲಾರವು. ಕನ್‌ಫ್ಯೂಸ್ ಆಗಿದ್ದರೆ ಮೊದಲು ಡೈಸ್: ಟೇಲ್ಸ್ ಬಂದರೆ ಅಟ್ಯಾಕ್ ಹೋಯಿತು, ಅದರ ಮೈಮೇಲೇ 3 ಕೌಂಟರ್. ಇವಾಲ್ವ್ ಮಾಡಿದರೆ ಅಥವಾ ಬೆಂಚ್‌ಗೆ ಕಳಿಸಿದರೆ ಈ ಸ್ಥಿತಿಗಳೆಲ್ಲ ಹೋಗುತ್ತವೆ. ಅಟ್ಯಾಕ್ ಆದ ಕೂಡಲೇ ಪಾಳಿ ಮುಗಿಯಿತು, ಆಮೇಲೆ ನೆನಪಾದ ಎನರ್ಜಿ ಮುಂದಿನ ಪಾಳಿಗೇ.

ಹಂತ 9: ಆಡಬಾರದ ಕಾರ್ಡ್ ಆಡಿಯಾಗಿದೆ, ಈಗ?

ಪಂದ್ಯದಲ್ಲಾದರೆ ಏನನ್ನೂ ಮುಟ್ಟದೆ ಜಡ್ಜ್‌ರನ್ನು ಕರೆಯಿರಿ. ಮನೆಯಲ್ಲಾದರೆ ನಾನು ಮಕ್ಕಳಿಗೆ ಹೇಳಿಕೊಡುವ ಪದ್ಧತಿ ಇದು.

ಕಾರ್ಡ್ ಮೇಜಿಗೆ ಬಂತು, ಇನ್ನೂ ಯಾರೂ ಹೊಸ ಕಾರ್ಡ್ ನೋಡಿಲ್ಲ, ಡೈಸ್ ಉರುಳಿಲ್ಲ ಅಂದರೆ ಕಾರ್ಡ್ ಕೈಗೆ ಹಿಂದಕ್ಕೆ. ಕೊಟ್ಟ ಬೆಲೆಯೂ ಹಿಂದಕ್ಕೆ. ಅಲ್ಟ್ರಾ ಬಾಲ್‌ಗೆ ಬಿಸಾಡಿದ ಕಾರ್ಡ್ ಡಿಸ್ಕಾರ್ಡ್ ಪೈಲ್‌ನ ಮೇಲೇ ಇರುತ್ತದೆ, ಎತ್ತಿಕೊಡುವುದು ಸುಲಭ. ಎರಡನೇ ಸಪೋರ್ಟರ್ ಆಡಿದ್ದು ಗೊತ್ತಾದರೂ ಹೀಗೇ.

ಡೆಕ್ ಹುಡುಕಿ ಆಗಿದ್ದರೆ, ಹುಡುಕಿದ ಕಾರ್ಡನ್ನು ಎದುರಿನವರಿಗೆ ತೋರಿಸಿದ್ದರೆ ಅದನ್ನು ಡೆಕ್‌ಗೆ ಮರಳಿಸಿ ಕಲಸಿ. ಎಳೆದ ಕಾರ್ಡುಗಳು ಕೈಯಲ್ಲಿ ಬೆರೆತುಹೋಗಿದ್ದರೆ ಬಿಡಿಸಲಾಗದು, ಆಟ ಅಲ್ಲಿಂದಲೇ ಮುಂದುವರಿಯಲಿ. ಡೈಸ್ ಉರುಳಿಸಿ ಹೆಡ್ಸ್ ಬಂದಿದ್ದರೆ ಆಡಿದವರು ಹಿಂದಕ್ಕೆ ಹೋಗಲು ಒಪ್ಪುವುದಿಲ್ಲ, ಟೇಲ್ಸ್ ಬಂದಿದ್ದರೆ ಅವರೇ ಹಿಂದಕ್ಕೆ ಹೋಗೋಣ ಅನ್ನುತ್ತಾರೆ. ಅದಕ್ಕೇ ಒಂದೇ ನಿಯಮ ಇಟ್ಟುಕೊಳ್ಳಿ: ಷರತ್ತೇ ಇಲ್ಲದೆ ಉರುಳಿಸಿದ ಡೈಸ್ ಏನೇ ತೋರಿಸಿದರೂ ಲೆಕ್ಕಕ್ಕಿಲ್ಲ, ಕಾರ್ಡ್ ಕೈಗೆ. ಪ್ರೈಜ್ ಕಾರ್ಡ್ ತೆಗೆದುಕೊಂಡು ಆಗಿದ್ದರೆ, ಅಥವಾ ಪಾಳಿ ದಾಟಿ ಎದುರಿನವರು ಕಾರ್ಡ್ ಎಳೆದಿದ್ದರೆ, ಹಿಂದಿನ ಪಾಳಿಯನ್ನು ಮತ್ತೆ ಕೆದಕಬೇಡಿ.